ಆತ್ ಬಿಡ್ರಿ

ಲಕ್ಷ್ಮೇಶ್ವರದ ಬ್ಯಾಂಡ್ ಮೇಳದ ಯಜಮಾನ ರಹಮಾನಸಾಬನಿಗೆ ಮೀಸೆ ಮೂಡುವ ಮೊದಲೇ ಕ್ಲಾರಿಯೋನೆಟ್ ಕೈಗೆ ಬಂದಿತ್ತು. ಅಂದಿನಿಂದ ಎಷ್ಟು ಮದುಮಕ್ಕಳನ್ನು ಮೆರೆಸಿದ್ದಾನೋ ಅವನಿಗೇ ಲೆಕ್ಕವಿಲ್ಲ. ಒಂದಕ್ಕೂ ಕರಾರುಪತ್ರ ಬರೆದವನಲ್ಲ. ಮಾತು ಕೊಟ್ಟರೆ ಮುಗಿಯಿತು, ಜ್ವರ ಬಂದರೂ ಕಿವಿಗೆ ಟವೆಲು ಸುತ್ತಿಕೊಂಡು ಹೋಗಿ ಊದಿ ಬರುವವನು. ಆ ಹೆಸರೇ ಅವನ ಆಸ್ತಿ. ಅದರ ಜಂಬವೂ ಅವನಿಗೆ ಕಡಿಮೆ ಇರಲಿಲ್ಲ.

ಬಾಯಲ್ಲಿ ಮಾತ್ರ ಸದಾ ಒಂದೇ ಮಾತು: ‘ಆತ್ ಬಿಡ್ರಿ.’ ನಮ್ಮ ಕಡೆ ಒಪ್ಪಿದರೂ ಆತ್ ಬಿಡ್ರಿ, ಒಪ್ಪದೆ ಕೈಬಿಟ್ಟರೂ ಆತ್ ಬಿಡ್ರಿ. ಎದುರಿಗಿದ್ದರೆ ಮುಖ ನೋಡಿ ತಿಳಿದುಕೊಳ್ಳಬಹುದು. ಫೋನಿಗೆ ಮುಖವೆಲ್ಲಿಯದು? ಹೂಂ ಅನ್ನು, ಇಲ್ಲವೇ ಉಹೂಂ ಅನ್ನು ಎಂದು ಹೆಂಡತಿ ಸಾಬೀರಾ ಹೇಳಿ ಹೇಳಿ ಸೋತಿದ್ದಳು.

ಒಂದು ದಿನ ಶಿಗ್ಲಿಯ ರೈತ ಉಳವಪ್ಪ ಫೋನ್ ಮಾಡಿದ.

“ಸಾಬ್ರ, ಮುಂದಿನ ಐತವಾರ ನಮ್ಮ ಮಗಳು ಸುನಿತಾನ ಲಗ್ನ. ಮೇಳ ನಿಮ್ದ ಆಗಬೇಕು.”

“ಗಾಡಿ ನೀವು ಕಳಸ್ತೀರೇನ್ರಿ?”

“ಗಾಡಿ ನಮ್ಮಿಂದ ಆಗಂಗಿಲ್ಲ. ನೀವ ಮಾಡ್ಕೊಂಡು ಬರ್ರಿ.”

“ಹಂಗಾರ ಆತ್ ಬಿಡ್ರಿ,” ಎಂದು ರಹಮಾನಸಾಬ ಫೋನ್ ಇಟ್ಟ. ಗಾಡಿ ಇಲ್ಲದಿದ್ದರೆ ಬೇಡ ಬಿಡಿ ಎಂದು ಅವನ ಅರ್ಥ. ಸಾಬ್ರು ಗಾಡಿಗೂ ಒಪ್ಪಿದರು ಎಂದು ಉಳವಪ್ಪನ ಅರ್ಥ. ಮರುದಿನವೇ ಬೆಳ್ಳಟ್ಟಿಯವರು ಅದೇ ಐತವಾರಕ್ಕೆ ಕೇಳಿದರು. ರಹಮಾನಸಾಬ ಅವರಿಗೆ ಸರಿಯಾಗಿ ‘ಹೂಂ’ ಅಂದ.

ಲಗ್ನದ ಮೂರು ದಿನ ಮುಂಚೆ ಉಳವಪ್ಪ ಹೊತ್ತು ಗೊತ್ತು ಮಾಡಲು ಬಂದಾಗ ಎಡವಟ್ಟು ಬಯಲಾಯಿತು. ಅವನು ಕೆಂಡವಾದ. ಲಗ್ನದ ಹಂಗಾಮಿನಲ್ಲಿ ಬೇರೆ ಮೇಳ ಸಿಗುವುದು ಕನಸಿನ ಮಾತು. “ಮಾತು ಕೊಟ್ಟು ತಪ್ಪಿದ್ರಿ ನೀವು!” ಎಂದು ಬಜಾರಿನಲ್ಲೇ ಕೂಗಿದ. ರಹಮಾನಸಾಬನಿಗೆ ಕಪಾಳಕ್ಕೆ ಹೊಡೆದಂತಾಯಿತು. ಜೀವಮಾನದಲ್ಲಿ ಅವನಿಗೆ ಯಾರೂ ಆ ಮಾತು ಅಂದಿರಲಿಲ್ಲ.

“ನಡೀರಿ, ವಕೀಲರನ್ನ ಕೇಳೋಣು,” ಎಂದು ತಾನೇ ಮುಂದಾದ.

ವಕೀಲೆ ಶಿವರಂಜನಿ ಇಬ್ಬರನ್ನೂ ಕೂರಿಸಿ, ಇಬ್ಬರ ಮಾತನ್ನೂ ಪೂರಾ ಕೇಳಿದಳು.

“ಬಾಯಿಮಾತಿನ ಕರಾರೂ ಕರಾರ ರೀ. ಇಂಥ ಕೆಲಸಕ್ಕ ಕಾಗದ ಬೇಕಂತಿಲ್ಲ,” ಎಂದಳು. ಉಳವಪ್ಪ ಎದೆ ಉಬ್ಬಿಸಿದ. “ಆದ್ರ ಒಬ್ಬರು ಕೇಳಿದ್ದನ್ನ ಇನ್ನೊಬ್ಬರು ಹಂಗ ಒಪ್ಪಬೇಕು. ನೀವು ಮೇಳ ಕೇಳಿದ್ರಿ. ಅವರು ಗಾಡಿ ಕೇಳಿದ್ರು. ನೀವು ಒಲ್ಲೆ ಅಂದ್ರಿ. ಆಮ್ಯಾಲ ಬಂದ ‘ಆತ್ ಬಿಡ್ರಿ’ ನಿಮಗೊಂದು ಅರ್ಥ, ಅವರಿಗೊಂದು ಅರ್ಥ. ಇಬ್ಬರ ಮನಸ್ಸಿನ್ಯಾಗೂ ಒಂದ ಅರ್ಥ ಇರಲಿಲ್ಲ ಅಂದ್ರ ಕರಾರು ಹುಟ್ಟೇ ಇಲ್ಲ. ಹುಟ್ಟದ್ದನ್ನ ಮುರಿಯೂದು ಹೆಂಗ?”

ಉಳವಪ್ಪ ಕುರ್ಚಿಯಲ್ಲೇ ಕುಸಿದ. “ಬೀಗರ ಮುಂದ ನನ್ನ ಮಾನ ಹೋತು,” ಎಂದು ಟವೆಲಿನಿಂದ ಮುಖ ಒರೆಸಿಕೊಂಡ.

ಗೆದ್ದ ರಹಮಾನಸಾಬ ಎದ್ದು ಹೋಗಬಹುದಿತ್ತು. ಆದರೆ ಅವನಿಗೆ ನಾಚಿಕೆಯಾಯಿತು. ಕಾಯ್ದೆ ಬಿಟ್ಟುಬಿಟ್ಟಿತು, ನಿಜ. ತನ್ನ ಮಾತು ನಂಬಿ ಒಬ್ಬ ತಂದೆ ಕೆಟ್ಟಿದ್ದೂ ನಿಜವಲ್ಲವೇ?

“ಉಳವಪ್ಪಣ್ಣ, ಈಗ ಹೊಸದಾಗಿ ಮಾತಾಡೋಣು,” ಎಂದ. “ಐತವಾರ ನನ್ನಿಂದ ಆಗಂಗಿಲ್ಲ. ಬೆಳ್ಳಟ್ಟಿಯವರಿಗೆ ಹೂಂ ಅಂದೀನಿ. ಶನಿವಾರ ಸಂಜಿಮುಂದ ಬೀಗರು ನಿಮ್ಮೂರಿಗೆ ಬರ್ತಾರಲ್ಲ, ಅವರನ್ನ ಎದುರುಗೊಳ್ಳಾಕ ಪೂರಾ ಮೇಳ ತಗೊಂಡು, ನನ್ನ ಗಾಡಿಯಾಗ ಬರ್ತೀನಿ. ಒಪ್ಪಿಗಿ ಏನ್ರಿ?”

ಉಳವಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ತಲೆ ಎತ್ತದೆ ಅಂದ: “ಆತ್ ಬಿಡ್ರಿ.”

ರಹಮಾನಸಾಬನಿಗೆ ಅದು ಹೂಂ ಎಂದೋ ಉಹೂಂ ಎಂದೋ ತಿಳಿಯಲಿಲ್ಲ. ಅವನು ವಕೀಲೆಯ ಕಡೆ ನೋಡಿದ.

“ಯಾವ ‘ಆತ್ ಬಿಡ್ರಿ’ ರೀ ಇದು?” ಎಂದು ಶಿವರಂಜನಿ ಕೇಳಿದಳು.

ಉಳವಪ್ಪ ತಲೆ ಎತ್ತಿದ. ಅವನ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

“ಬರ್ರಿ ಅನ್ನೋದು ರೀ,” ಎಂದ. “ಬರ್ರಿ ಸಾಬ್ರ, ಬರ್ರಿ.”