ಹಿಮದಲ್ಲಿ ಬಿದ್ದವರ ನಂಬರು

ನನ್ನ ತಂಗಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ತಲೆ ಕೆಡುತ್ತಿತ್ತು. ಅಮೆರಿಕದಲ್ಲಿ ಯಾರೋ ಬೀಳುತ್ತಾರೆ. ಅಲ್ಲಿನ ಡಾಕ್ಟರು ಬರೆದದ್ದನ್ನು ಇವಳು ದಾವಣಗೆರೆಯಲ್ಲಿ ಕೂತು ಓದಿ, ಬಿದ್ದದ್ದಕ್ಕೆ ಒಂದು ನಂಬರು ಹಾಕುತ್ತಾಳೆ. ಬಚ್ಚಲಲ್ಲಿ ಜಾರಿದರೆ ಒಂದು, ಹಿಮದಲ್ಲಿ ಜಾರಿದರೆ ಇನ್ನೊಂದು. ಹಿಮದಲ್ಲೂ ಸಮನೆಲವಾದರೆ ಆ ನಂಬರಿನ ಚುಕ್ಕೆಯಾದ ಮೇಲೆ ಸೊನ್ನೆ, ಮೆಟ್ಟಿಲಾದರೆ ಒಂದು.

"ಬಿದ್ದೋನಿಗೆ ಕೈ ಮುರ್ದೈತೆ. ಕಟ್ಟು ಹಾಕಿ ಕಳ್ಸೋದು ಬಿಟ್ಟು, ಮೆಟ್ಲಾ ನೆಲನಾ ಅಂತ ಯಾಕ ಬೇಕು?" ಎಂದು ರೇಗುತ್ತಿದ್ದೆ.

"ಇನ್ಶೂರೆನ್ಸ್‌ನೋರಿಗೆ ಬೇಕಣ್ಣ. ನಿಂಗೇನು, ನೀನೇ ಬಿದ್ದೋರಂಗೆ ಆಡ್ತಿ."

ನಾನು ಓದಿದ್ದು ಏಳನೇ ಕ್ಲಾಸು. ಗುತ್ತೂರಿನ ಕಾರ್ಖಾನೆಗಳಿಂದ ದಾವಣಗೆರೆಗೆ ಲಗೇಜ್ ಆಟೊ ಓಡಿಸುತ್ತೇನೆ. ಅವ್ವ ಗುತ್ತೂರಿನಲ್ಲಿದ್ದಾಳೆ, ನಾವಿಬ್ಬರು ಕೆ.ಬಿ. ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಸರ್ಟಿಫಿಕೇಟ್ ಪರೀಕ್ಷೆ ಪಾಸಾದರೆ ಮಾತ್ರ ಕೆಲಸ ಕಾಯಂ ಎಂದು ಕಂಪನಿಯವರು ತಂಗಿಗೆ ಹೇಳಿದ್ದರು. ಸಂಜೆ ಅವಳು ಪ್ರಶ್ನೆಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತ ಓದುತ್ತಿದ್ದಳು. ಕೇಳಿ ಕೇಳಿ ಹಿಮದ್ದೊಂದು ನನಗೆ ಬಾಯಿಪಾಠವಾಯಿತು.

ಪರೀಕ್ಷೆ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ. ಎಲ್ಲೋ ಕೂತ ಒಬ್ಬರು ಕ್ಯಾಮೆರಾದಿಂದ ನೋಡುತ್ತಿರುತ್ತಾರೆ. ಕೋಣೆಯೊಳಗೆ ಬೇರೆಯವರು ಬರಬಾರದು, ಬೇರೆ ಧ್ವನಿ ಕೇಳಬಾರದು.

"ಬಾಗ್ಲು ಮುಟ್ಬ್ಯಾಡಣ್ಣ. ಮನೆಗೆ ಬೆಂಕಿ ಬಿದ್ರೂ ಕರೀಬ್ಯಾಡ" ಎಂದು ಮೂರು ಸಲ ಹೇಳಿದ್ದಳು.

ಅವತ್ತು ಆಟೊ ತೆಗೆಯದೆ ಬಾಗಿಲ ಹೊರಗೆ ಕಾವಲು ಕೂತೆ. ಅವಳಿಗೆ ಚಿಕ್ಕಂದಿನಿಂದಲೂ ತುಟಿಯಲ್ಲೇ ಗುನುಗುತ್ತ ಓದುವ ಅಭ್ಯಾಸ. ಎರಡನೇ ತಾಸಿನಲ್ಲಿ "ಐಸ್... ಸ್ಟೆಪ್ಸ್..." ಎಂದದ್ದು ಕೇಳಿಸಿತು. ಆಮೇಲೆ ಸದ್ದಿಲ್ಲ. ಸಿಕ್ಕಿಹಾಕಿಕೊಂಡಳು ಎಂದುಕೊಂಡೆ. ಅವಳ ಅಷ್ಟು ದಪ್ಪ ಪುಸ್ತಕದಲ್ಲಿ ನನಗೆ ಗೊತ್ತಿದ್ದದ್ದು ಅದೊಂದೇ. ತಡೆಯಲಾಗಲಿಲ್ಲ. ಬಾಗಿಲು ಸರಿಸಿ, ತಲೆ ತೂರಿಸಿ, "ಮೆಟ್ಲು. ಒಂದು ಹಾಕವ್ವ" ಎಂದೆ.

ಅವಳು ತಿರುಗಿ ನೋಡಲೂ ಇಲ್ಲ. ಸ್ವಲ್ಪ ಹೊತ್ತಿಗೆ ಪರೀಕ್ಷೆ ರದ್ದು ಎಂದು ಪರದೆಯ ಮೇಲೆ ಬಂತು.

ಅದಕ್ಕಿಂತ ದೊಡ್ಡ ತಪ್ಪು ಮಧ್ಯಾಹ್ನ ಮಾಡಿದೆ. ಅವ್ವ ಫೋನ್ ಮಾಡಿದಾಗ ನಾನೇ ಎತ್ತಿಕೊಂಡು, "ನೆಟ್ ಹೋತು" ಎಂದುಬಿಟ್ಟೆ. ಪಕ್ಕದಲ್ಲೇ ಇದ್ದ ತಂಗಿ ನನ್ನನ್ನು ಬಿಟ್ಟುಕೊಡಲಿಲ್ಲ. ಅಲ್ಲಿಂದ ಎರಡು ತಿಂಗಳು ಅವ್ವ ಅವಳನ್ನೇ ಬೈದಳು. ನಾನು ಕ್ಯಾಮೆರಾದವರನ್ನು ಬೈದೆ, ಅವಳ ಗುನುಗನ್ನು ಬೈದೆ, ಮೆಟ್ಟಿಲ ಮೇಲಿನ ಹಿಮ ಗುಡಿಸದ ಆ ಅಮೆರಿಕದವರನ್ನೂ ಬೈದೆ. ಬಾಯಿ ಮಾತ್ರ ಬಿಡಲಿಲ್ಲ.

ಹೋದ ಭಾನುವಾರ ಗುತ್ತೂರಿನಲ್ಲಿ ಊಟಕ್ಕೆ ಕೂತಾಗ ಅವ್ವ ಮತ್ತೆ ಶುರು ಮಾಡಿದಳು. "ಅಷ್ಟು ಓದಿದಾಕಿ, ಮುಂಚೆ ನೆಟ್ ನೋಡ್ಕಳಾಕೆ ಆಗ್ಲಿಲ್ಲ."

"ನೆಟ್ ಹೋಗಿರ್ಲಿಲ್ಲವ್ವ" ಎಂದೆ. "ಬಾಗ್ಲು ತೆಗ್ದು ಉತ್ತರ ಹೇಳ್ದೋನು ನಾನು. ಅದ್ಕೇ ರದ್ದಾತು."

ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಅವ್ವ ರೊಟ್ಟಿ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು.

"ನೀ ಹೇಳಿದ್ದು ಸರಿ ಇತ್ತಾ?"

ನನಗೆ ಎದ್ದು ಹೋಗಬೇಕೆನ್ನಿಸಿತು. ಉತ್ತರ ಕೊಟ್ಟದ್ದು ತಂಗಿ.

"ಸರಿ ಇತ್ತು. ಅಣ್ಣ ಹೇಳಾಕೂ ಮುಂಚೆ ನಾನು ಅದನ್ನ ಒತ್ತಿದ್ದೆ." ಪಲ್ಯ ಬಡಿಸಿಕೊಂಡು ಮುಂದುವರಿಸಿದಳು: "ಬರೋ ವಾರ ಮತ್ತೆ ಐತವ್ವ. ವಿದ್ಯಾನಗರದಾಗೆ ಗೆಳತಿ ರೂಮಿಂದ ಬರೀತೀನಿ. ಅಣ್ಣ ಅಲ್ಲಿಗೆ ಬರದು ಬ್ಯಾಡ."