ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲದ ಅವ್ವ

ನಮ್ಮಪ್ಪ ಸೈನ್ಯದಲ್ಲಿದ್ದವನು. ಹವಾಲ್ದಾರನಾಗಿ ನಿವೃತ್ತನಾದ ಮೇಲೆ ಸವಳಂಗಕ್ಕೆ ಬಂದು, ಇದ್ದ ಹೊಲದಲ್ಲಿ ಮೆಕ್ಕೆಜೋಳ ಹಾಕಿಕೊಂಡು, ತಿಂಗಳ ಪಿಂಚಣಿ ತಗೊಂಡು ಆರಾಮಾಗಿದ್ದ. ನಾನು ಅವನ ಒಬ್ಬಳೇ ಮಗಳು, ಚನ್ನಗಿರಿಗೆ ಕೊಟ್ಟ ಹೆಣ್ಣು. ನನಗೆ ಹುಟ್ಟಿದಾಗಿನಿಂದಲೂ ಹೆದರಿಕೆ ಜಾಸ್ತಿ. ಹಲ್ಲಿ ಲೊಚಗುಟ್ಟಿದರೂ ಸಾಕು, ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಂಡರೂ ಸಾಕು, ಎದೆ ಡವಡವ ಅನ್ನುತ್ತದೆ. ಸೈನಿಕನ ಮಗಳಿಗೆ ಇಷ್ಟು ಪುಕ್ಕಲುತನ ಎಲ್ಲಿಂದ ಬಂತು ಎಂದು ನನ್ನ ಗಂಡ ಆಡಿಕೊಳ್ಳುತ್ತಾನೆ. ಅಪ್ಪನ ಧೈರ್ಯವನ್ನೆಲ್ಲ ಸರ್ಕಾರ ತಗೊಂಡಿತು, ಮಿಕ್ಕಿದ್ದು ನನ್ನ ಪಾಲಿಗೆ ಬಂತು ಎಂದು ನಾನೂ ತಿರುಗಿಸಿ ಕೊಡುತ್ತೇನೆ.

ಅಂಥ ಅಪ್ಪನಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು ಹೋಯಿತು. ಆಸ್ಪತ್ರೆಯಲ್ಲಿ ಮಾಜಿ ಸೈನಿಕರ ಕಾರ್ಡು ತೋರಿಸಿದ್ದಕ್ಕೆ ಚಿಕಿತ್ಸೆಗೇನೂ ತೊಂದರೆಯಾಗಲಿಲ್ಲ. ಕಾರ್ಡು ನೋಡಿದ ಹುಡುಗಿ, "ನಿಮ್ಮ ತಾಯಿದೂ ಒಂದು ಇರಬೇಕಲ್ರಿ, ಎಲ್ಲೈತೆ?" ಎಂದು ಕೇಳಿದಳು. ಇರಲಿಲ್ಲ. ಅವ್ವನಿಗೆ ಒಂದು ನೆಗಡಿಯೂ ಬಾರದ್ದರಿಂದ ಅಪ್ಪ ಅದನ್ನು ನಾಳೆ ನಾಳೆ ಎಂದು ತಳ್ಳಿಕೊಂಡೇ ಬಂದಿದ್ದ. ಅವನು ಮನೆಗೆ ಬಂದ ಮೇಲೆ ನಾನು ಅವನ ಡಿಸ್ಚಾರ್ಜ್ ಬುಕ್ಕು ತಗೊಂಡು ಹೊನ್ನಾಳಿಗೆ ಹೋದೆ. ಸೈನ್ಯ ಬಿಡುವಾಗ ಕೊಡುವ ಪುಸ್ತಕ ಅದು. ಸೇರಿದ ದಿನ, ಬಿಟ್ಟ ದಿನ, ಮೈಮೇಲಿನ ಮಚ್ಚೆ, ಹೆಂಡತಿ ಮಕ್ಕಳ ಹೆಸರು ಎಲ್ಲ ಅದರಲ್ಲಿರುತ್ತದೆ. ಹೊನ್ನಾಳಿಯಲ್ಲಿ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಸುತ್ತಲಿನ ಮಾಜಿ ಸೈನಿಕರ ಮನೆಯವರೆಲ್ಲ ಕಾಗದಪತ್ರಕ್ಕೆ ಅವರ ಹತ್ತಿರವೇ ಹೋಗುವುದು.

ಅವರು ಕನ್ನಡಕ ಏರಿಸಿ ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

"ನಿಮ್ಮಪ್ಪನ ತಾಯಿ ಹೆಸರೂ ಹೆಂಡ್ತಿ ಹೆಸರೂ ಒಂದೇ ಬರ್ದೈತಲ್ಲವ್ವ. ನಿಮ್ಮ ತಾಯಿ ಆಧಾರ್ ಕೊಡಿ." ಕೊಟ್ಟೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಅಂದರು, "ಇದರಾಗಿನ ಹೆಸರು ಇಲ್ಲಿ ಎಲ್ಲೂ ಇಲ್ಲ. ಹಂಗಾರೆ ಸೈನ್ಯದ ಲೆಕ್ಕದಾಗೆ ಇವರು ಯಾರು?"

ಉತ್ತರ ನನಗೆ ಗೊತ್ತಿತ್ತು, ಅವರಿಗೂ ಹೇಳಿದೆ. ನಮ್ಮ ಕಡೆ ಸೊಸೆಗೂ ಅತ್ತೆಗೂ ಒಂದೇ ಹೆಸರಿದ್ದರೆ ಸೊಸೆಯ ಹೆಸರು ಬದಲಾಯಿಸುತ್ತಾರೆ. ಹೊಸಿಲು ದಾಟಿ ಬಂದ ಹೆಣ್ಣನ್ನು ಕೂರಿಸಿ, ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಉಂಗುರದಿಂದ ಹೊಸ ಹೆಸರು ಬರೆಸುತ್ತಾರೆ. ಇಲ್ಲದಿದ್ದರೆ ಸೊಸೆಯನ್ನು ಬೈಯುವುದು ಹೇಗೆ? ಹೆಸರು ಹಿಡಿದು ಬೈದರೆ ಅದು ಅತ್ತೆಗೇ ತಗಲುತ್ತದೆ. ಅವ್ವನಿಗೂ ಹಾಗೇ ಮಾಡಿದರು. ಅಂದಿನಿಂದ ತವರಿನ ಹೆಸರು ಅವಳ ಬಾಯಿಗೂ ಬರುವಂತಿಲ್ಲ, ಅದು ಅತ್ತೆಯ ಹೆಸರು. ಅಜ್ಜಿ ಸತ್ತು ಎಷ್ಟೋ ವರ್ಷವಾದರೂ ಅವ್ವ ಆ ಹೆಸರನ್ನು ಉಚ್ಚರಿಸಿದ್ದನ್ನು ನಾನು ಕೇಳಿಲ್ಲ. ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪುಸ್ತಕ ಎಲ್ಲದರಲ್ಲೂ ಇರುವುದು ಅಕ್ಕಿಯಲ್ಲಿ ಬರೆಸಿದ ಹೆಸರು. ಅಪ್ಪ ಮಾತ್ರ ಸೈನ್ಯದಲ್ಲಿ ತವರಿನ ಹೆಸರನ್ನೇ ಬರೆಸಿಬಿಟ್ಟಿದ್ದ.

"ನಿಮ್ಮ ಕಥೆ ನಿಜ. ಕಚೇರಿಗೆ ಕಥೆ ಆಗಲ್ಲ," ಎಂದರು ಸುಬೇದಾರರು. "ಎರಡು ಹೆಸರೂ ಒಬ್ಬರದೇ ಅಂತ ಪ್ರಮಾಣಪತ್ರ ಮಾಡಿಸಿ, ಗಂಡ ಹೆಂಡ್ತಿ ಜೊತೆಗಿರೋ ಫೋಟೊ ಇಟ್ಟು, ನಿಮ್ಮ ತಂದೆ ಅರ್ಜಿ ಹಾಕ್ಬೇಕು. ಮುಂದೆ ಪಿಂಚಣಿ ನಿಮ್ಮ ತಾಯಿಗೆ ಬರಾಕೂ ಇದೇ ಬೇಕು. ನಿಮ್ಮ ತಂದೆ ಇದ್ದಾಗ್ಲೇ ಮಾಡಿಸ್ರಿ. ಇದ್ದಾಗ ಒಂದು ಹೆಬ್ಬೆಟ್ಟು ಸಾಕು. ಹೋದ ಮೇಲೆ ಊರಿಗೂರೇ ಬಂದು ಸಾಕ್ಷಿ ಹೇಳಿದ್ರೂ ಸಾಲಲ್ಲ." ಸಾಸ್ವೆಹಳ್ಳಿ ಕಡೆಯ ಒಬ್ಬ ಹೆಂಗಸಿನ ಸುದ್ದಿಯನ್ನೂ ಹೇಳಿದರು. ಗಂಡ ಹೋದ ಮೇಲೆ ಹೆಸರು ದಾಖಲಾಗಿಲ್ಲ ಎಂದು ಗೊತ್ತಾಗಿ, ತಾನು ಅವನ ಹೆಂಡತಿಯೇ ಎಂದು ರುಜುವಾತು ಮಾಡಲು ಆಕೆ ಇನ್ನೂ ಓಡಾಡುತ್ತಿದ್ದಾಳಂತೆ. ವಯಸ್ಸಿಗೆ ಬಂದ ಮೊಮ್ಮಕ್ಕಳನ್ನು ಮುಂದೆ ನಿಲ್ಲಿಸಿದರೂ ಆಗಿಲ್ಲವಂತೆ.

ಹೊನ್ನಾಳಿಯಿಂದ ಬಸ್ಸಿನಲ್ಲಿ ಬರುವಾಗ ನನಗೆ ಹೊರಗಿನದೇನೂ ಕಾಣಲಿಲ್ಲ. ಅಪ್ಪ ಇವತ್ತೇ ಹೋಗಿಬಿಟ್ಟರೆ ಎನ್ನುವುದೊಂದೇ ತಲೆಯಲ್ಲಿ. ಅವನು ಹೋದರೆ ಎಂಬ ದುಃಖಕ್ಕಿಂತ ಮೊದಲು, ಹೆಬ್ಬೆಟ್ಟು ಒತ್ತದೆ ಹೋದರೆ ಎಂಬ ಭಯ ಬರುತ್ತಿತ್ತು. ಥೂ, ಎಂಥ ಮಗಳು ನಾನು ಎಂದು ನನ್ನನ್ನೇ ಬೈದುಕೊಂಡೆ. ಬೈದುಕೊಂಡರೆ ಭಯವೇನೂ ಇಳಿಯಲಿಲ್ಲ.

ಅವ್ವನಿಗೆ ವಿಷಯ ಹೇಳಿದ್ದೇ ತಡ, ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಗಂಡ ಉಸಿರಾಡ್ತಾ ಮಲಗಿರ್ಬೇಕಾದ್ರೆ, ಅವರು ಹೋದ ಮ್ಯಾಲೆ ನಂಗೇನು ಬರ್ತೈತೆ ಅಂತ ಕಾಗದ ಮಾಡಿಸಾಕೆ ಹೋಗ್ಲಾ? ನಾನೇನು ಹೆಂಗಸಾ, ರಣಹದ್ದಾ?"

"ಅವ್ವ, ಆಸ್ಪತ್ರೆ ಕಾರ್ಡಿಗೂ ಇದೇ ಬೇಕು. ನಾಳೆ ನಿಂಗೆ ಏನಾದ್ರೂ ಆದ್ರೆ?"

"ನಂಗೇನೂ ಆಗಲ್ಲ. ಶನಿ ತನ್ನ ಪಾಡಿಗೆ ತಾನು ಹೋಗ್ತಿದ್ರೆ, ಬಾರಪ್ಪ ಅಂತ ಮಣೆ ಹಾಕ್ತೀಯಲ್ಲ ನೀನು."

ನಾನು ಕೋಪಕ್ಕೆ ಏನೋ ಹೇಳಲು ಹೋದೆ. ಅಷ್ಟರಲ್ಲಿ ಪಡಸಾಲೆಯ ಮಂಚದಿಂದ ಟಕಟಕ ಸದ್ದು ಬಂತು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ನೆಟ್ಟಗಿದ್ದ ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದ. ಅವ್ವ ಹೋಗಿ ಎದುರು ನಿಂತಳು. ಅವನು ಅವಳನ್ನು ತೋರಿಸಿದ, ನನ್ನ ಕೈಯಲ್ಲಿದ್ದ ಪುಸ್ತಕ ತೋರಿಸಿದ, ಆಮೇಲೆ ಬಾಗಿಲ ಕಡೆ ಬೆರಳು ಚಾಚಿದ. ನಡಿ ಎಂದು ಅರ್ಥ. ಅವ್ವ ಮರುಮಾತಾಡದೆ ಒಳಗೆ ಹೋಗಿ ಮಡಿಸಿಟ್ಟ ಸೀರೆ ತೆಗೆದಳು.

ನ್ಯಾಮತಿಗೆ ಬಾಡಿಗೆ ಕಾರು ಮಾಡಿಕೊಂಡು ಹೋದೆವು. ದಾರಿಯ ಒಂದೊಂದು ಗುಂಡಿಗೂ ನಾನು ಅಪ್ಪನ ಮುಖ ನೋಡುತ್ತಿದ್ದೆ. ಫೋಟೊ ಅಂಗಡಿಯವನು, "ಇನ್ನೂ ಸ್ವಲ್ಪ ಹತ್ತಿರ ಕುಂತ್ಕಳ್ರಿ ಅಜ್ಜಾರೆ, ಹಂಗೇ ಒಂಚೂರು ನಗ್ರಿ," ಎಂದ. ಅಪ್ಪ ನಗಲು ಹೋದರೆ ಬಾಯಿ ಒಂದೇ ಕಡೆಗೆ ಎಳೆಯಿತು. ಅವ್ವ ಸೆರಗಿನಿಂದ ಅವನ ಬಾಯಂಚು ಒರೆಸಿ ಸರಿಯಾಗಿ ಕುಳಿತಳು. ಆ ಫೋಟೊದಲ್ಲಿ ಇಬ್ಬರೂ ಯಾರೋ ಗದರಿಸಿ ಕೂರಿಸಿದ ಹಾಗೆ ಕಾಣುತ್ತಾರೆ.

ತಾಲ್ಲೂಕು ಕಚೇರಿಯಲ್ಲಿ ಪ್ರಮಾಣ ಮಾಡಿಸುವ ಅಧಿಕಾರಿ ಒಳ್ಳೆಯವರೇ. ಗಾಲಿಕುರ್ಚಿ ನೋಡಿದ ಕೂಡಲೇ ನಮ್ಮನ್ನು ಒಳಗೆ ಕರೆದರು. ಅಪ್ಪನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಜೀವಮಾನವಿಡೀ ಸಹಿ ಹಾಕಿದವನು ತನ್ನ ಮಸಿ ಬೆರಳನ್ನು ದಿಟ್ಟಿಸಿ ನೋಡಿಕೊಂಡ. ನನಗೆ ಆ ಕ್ಷಣ ಎದೆಯ ಭಾರ ಇಳಿದಂತಾಯಿತು, ಎಲ್ಲ ಮುಗಿಯಿತು ಅಂದುಕೊಂಡೆ.

ಅಧಿಕಾರಿ ಅವ್ವನ ಕಡೆ ತಿರುಗಿದರು. "ಬರ್ದಿರೋದನ್ನ ನಾನು ಓದೀನಿ ಅಮ್ಮ. ಆದ್ರೆ ಪ್ರಮಾಣ ಅಂದ್ಮೇಲೆ ನಿಮ್ಮ ಬಾಯಿಂದ ಬರಬೇಕು. ನಿಮ್ಮ ಯಜಮಾನ್ರ ಹೆಸರೇನು?"

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದವಳು ಅವ್ವ. ಅವನು ಗಟ್ಟಿಮುಟ್ಟಾಗಿದ್ದ ಕಾಲದಲ್ಲೇ ಹೇಳದವಳು, ಅರ್ಧ ಮೈ ಕಳಕೊಂಡು ಪಕ್ಕದಲ್ಲಿ ಕೂತಿರುವಾಗ ಹೇಳಿಯಾಳೆ? ನಾನು ಬಾಯಿ ಹಾಕಿದೆ. "ನೀವು ಸುಮ್ಕಿರ್ರಿ, ಅವರೇ ಹೇಳ್ಲಿ," ಎಂದರು ಅಧಿಕಾರಿ.

ಅಲ್ಲೇ ಕಡತ ಜೋಡಿಸುತ್ತಿದ್ದ ಹೆಂಗಸೊಬ್ಬರು ನಕ್ಕು, "ಒಡಪು ಹಾಕಿ ಹೇಳ್ರಿ ಅಮ್ಮ. ಮದುವೇಲಿ ಹೇಳಿರ್ತೀರಲ್ಲ," ಎಂದರು. ಒಡಪೆಂಬ ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳಿದರೆ ಗಂಡನ ಹೆಸರಿಗೆ ದೋಷವಿಲ್ಲ. ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡು ಶುರುಮಾಡಿದಳು, "ಹಿಮದಾಗೆ ನಿಂತು ಗಡಿ ಕಾದೋರು, ನಮ್ಮನೆ ಜಗಲಿ ಮ್ಯಾಗೆ ಕುಂತೋರು..." ಕೊನೆಗೆ ಅಪ್ಪನ ಹೆಸರು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಕೋಣೆಯಲ್ಲಿ ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು.

"ಭೇಷ್. ಈಗ ಮದುವೆಗೆ ಮುಂಚಿನ ನಿಮ್ಮ ಹೆಸರು ಹೇಳ್ಬಿಡಿ, ಮುಗೀತು."

ಅತ್ತೆಯ ಹೆಸರಿಗೆ ಒಡಪು ಯಾರೂ ಕಟ್ಟಿಲ್ಲ. ಅವ್ವ ಮತ್ತೆ ಗೋಡೆಯ ಕಡೆ ತಿರುಗಿದಳು. ಅಧಿಕಾರಿ ಮತ್ತೊಮ್ಮೆ ಕೇಳಿದರು. ಮಗದೊಮ್ಮೆ ಕೇಳಿದಾಗ ದನಿಯಲ್ಲಿ ನಗು ಇರಲಿಲ್ಲ.

"ಸ್ವಂತ ಹೆಸರು ಹೇಳಾಕೆ ಇಷ್ಟೊತ್ತು ಬೇಕೇನಮ್ಮ? ನಂಗೇ ಅನುಮಾನ ಬಂದ ಮೇಲೆ ನಾನು ಹೆಂಗೆ ಸಹಿ ಮಾಡ್ಲಿ? ಇನ್ನೊಂದಿನ ಬರ್ರಿ." ಪೆನ್ನಿಗೆ ಮುಚ್ಚಳ ಹಾಕಿದರು.

ಇನ್ನೊಂದು ದಿನ! ಆ ಇನ್ನೊಂದು ದಿನ ಅಪ್ಪ ಇರುತ್ತಾನೆ ಎಂದು ಇವರಿಗೆ ಯಾರು ಹೇಳಿದರು? ಅವ್ವನ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು, ಅಳುವೂ ಬಂತು. ಸಾಸ್ವೆಹಳ್ಳಿಯ ಆ ಹೆಂಗಸಿನ ಹಾಗೆ ಅವ್ವ ಕೈಯಲ್ಲಿ ಚೀಲ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದು ಕಣ್ಣಿಗೇ ಕಟ್ಟಿತು. "ಹೇಳೇ ಅವ್ವ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಪಿಸುಗುಟ್ಟಿದೆ.

ಆಗ ಅಪ್ಪ ಕೂಗಿದ. ಅಕ್ಷರಗಳೆಲ್ಲ ಬಿದ್ದುಹೋಗಿ ಬರೀ ಸ್ವರ ಉಳಿದ ಕೂಗು. ಅಧಿಕಾರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ, ಮತ್ತೆ ಲಕ್ವ ಹೊಡೆಯಿತೆಂದೇ ಹೆದರಿ ಅವನ ಕಡೆ ಓಡಿದೆ. ಅವನು ನನ್ನನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿ, ಅವ್ವನನ್ನೇ ನೋಡುತ್ತ, ಇನ್ನೊಮ್ಮೆ ಅದನ್ನೇ ಕೂಗಿದ.

"ಆಂ?" ಎಂದಳು ಅವ್ವ. ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡುತ್ತೇವಲ್ಲ, ಹಾಗೆ. ಆಮೇಲೆ ಅಧಿಕಾರಿಯ ಕಡೆ ತಿರುಗಿ ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ನಾನು ಅವಳ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ವಾಪಸ್ಸು ಬರುವಾಗ ಕಾರಿನಲ್ಲಿ ಕೇಳಿದೆ, "ಅಪ್ಪ ಯಾಕವ್ವ ಆ ಹೆಸರೇ ಬರೆಸಿದ್ದು? ಗೊತ್ತಿರಲಿಲ್ವಾ ಅವನಿಗೆ?"

"ಗೊತ್ತಿಲ್ದೇ ಏನು. ಮದುವೆ ಆದ್ಮೇಲೆ ಒಂದಷ್ಟು ದಿನ ನನ್ನ ಅಲ್ಲಿಗೆ ಕರ್ಕಂಡು ಹೋಗಿದ್ರು, ಕ್ವಾರ್ಟರ್ಸಿಗೆ. ಅಲ್ಲಿ ನಿಮ್ಮಜ್ಜಿ ಇರ್ಲಿಲ್ಲ. ಅಲ್ಲಿ ಆ ಹೆಸರು ಹಿಡಿದೇ ಕರೀತಿದ್ರು. ಊರಿಗೆ ಬಂದ್ಮೇಲೆ ಏ, ಇವಳೇ, ಅಷ್ಟೇ." ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆಯೋ ನಾಚಿಕೆಯೋ ಗೊತ್ತಾಗಲಿಲ್ಲ.

ಆ ಸಂಜೆಯೇ ಅಪ್ಪನಿಗೆ ಮೈ ಬಿಸಿಯಾಯಿತು. ದಾರಿಯ ಆಯಾಸ ಎಂದು ಡಾಕ್ಟರು ಹೇಳಿದರೂ ಅವ್ವ ಕೇಳಲಿಲ್ಲ. "ಎರಡೂ ಹೆಸರು ಒಂದೇ ದಿನ ಹೇಳ್ದೆ ನೋಡು," ಎಂದು ದೇವರ ಮುಂದೆ ದೀಪ ಹಚ್ಚಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಜ್ವರ ಇಳಿಯಿತು. ಅವಳ ಹೆದರಿಕೆ ಇಳಿಯಲಿಲ್ಲ, ನನ್ನದೂ ಇಳಿಯಲಿಲ್ಲ. ಅರ್ಜಿ ಸುಬೇದಾರರ ಕೈಯಿಂದ ಹೋಗಿ, ಎಲ್ಲೆಲ್ಲೋ ಸುತ್ತಿ, ಒಮ್ಮೆ ಫೋಟೊ ಮಸುಕಾಗಿದೆ ಎಂದು ವಾಪಸ್ಸು ಬಂದು, ಮತ್ತೆ ಹೋಯಿತು. ತಿಂಗಳುಗಟ್ಟಲೆ ಕಾದೆವು. ಸವಳಂಗದಿಂದ ಫೋನು ಬಂದರೆ ನಾನು ಹಲೋ ಅನ್ನುವ ಮೊದಲು ಗೋಡೆ ಹಿಡಿದುಕೊಳ್ಳುತ್ತಿದ್ದೆ.

ಕೊನೆಗೂ ಕಾಗದ ಬಂತು. ಅವ್ವನ ಎರಡು ಹೆಸರೂ ಒಬ್ಬಳವೇ, ಅವಳು ಇವನ ಹೆಂಡತಿಯೇ ಎಂದು ಸೈನ್ಯ ಒಪ್ಪಿಕೊಂಡಿತ್ತು. ನಾನೇ ತಗೊಂಡು ಹೋಗಿ ಇಬ್ಬರಿಗೂ ಓದಿ ಹೇಳಿದೆ. ಅಪ್ಪ ಕೈ ಚಾಚಿ ಕಾಗದ ಇಸಕೊಂಡ. ಅಷ್ಟು ಹೊತ್ತಿಗೆ ಅವನಿಗೆ ತುಂಡು ತುಂಡು ಮಾತು ಬರುತ್ತಿತ್ತು. ಬಹಳ ಹೊತ್ತು ನೋಡಿ, ಕಾಗದವನ್ನು ಎದೆಯ ಮೇಲಿಟ್ಟುಕೊಂಡು, ದೊಡ್ಡದಾಗಿ ಉಸಿರು ಬಿಟ್ಟ.

"ಆತು," ಎಂದ. "ಇನ್ನ... ನಂದು... ಆತು."

ಇಷ್ಟು ದಿನ ಅವನು ಇದಕ್ಕೇ ತಡೆದುಕೊಂಡಿದ್ದನೇನೋ, ಕಟ್ಟಿದ್ದ ಹಗ್ಗವನ್ನು ನಾನೇ ಬಿಚ್ಚಿಬಿಟ್ಟೆನೇನೋ ಅನ್ನಿಸಿತು. ಅವ್ವ ಬಂದವಳೇ ಅವನ ಎದೆಯ ಮೇಲಿನ ಕಾಗದವನ್ನು ಕಿತ್ತುಕೊಂಡಳು. ಹರಿದೇಬಿಡುತ್ತಾಳೆ ಎಂದು ನನ್ನ ಜೀವ ಬಾಯಿಗೆ ಬಂತು. ಹರಿಯಲಿಲ್ಲ. ಮಡಿಸಿ ಮಡಿಸಿ ಚಿಕ್ಕದು ಮಾಡಿ, ಅವನ ತಲೆ ಎತ್ತಿ, ದಿಂಬಿನ ಕೆಳಗೆ ತಳ್ಳಿದಳು.

"ಏನ್ರಿ, ಕೇಳ್ರಿ ಇಲ್ಲಿ. ಇದು ನಿಮ್ಮತ್ರಾನೇ ಇರ್ಲಿ. ನಂಗೆ ಬೇಕಾದಾಗ ನಾನೇ ಕೇಳ್ತೀನಿ. ಅಲ್ಲಿತನಕ ನೀವು ಎಲ್ಲಿಗೂ ಹೋಗಂಗಿಲ್ಲ."

ಅಪ್ಪ ಅವಳನ್ನೇ ನೋಡಿದ. ಆಮೇಲೆ ಹೂಂ ಎಂದು ತಲೆಯಾಡಿಸಿದ.

ಕಾಗದ ಈಗಲೂ ಅಲ್ಲೇ ಇದೆ. ಅವ್ವ ಇನ್ನೂ ಕೇಳಿಲ್ಲ.