ವೈನಿಯ ಕೋಣೆಯ ಡಬ್ಬಿ

ಇದನ್ನು ಹೇಳಲು ನಾನು ತುಂಬಾ ತಡಮಾಡಿದ್ದೇನೆ. ಮಗಳ ಮದುವೆಯಾಗಲಿ ಅಂದುಕೊಂಡೆ, ಆಮೇಲೆ ನಾನು ನಿವೃತ್ತನಾಗಲಿ ಅಂದುಕೊಂಡೆ. ಈಗ ಅಳಿಯ ಮನೆಯ ಕೆಳಗಿನ ಕೋಣೆ ಒಡೆಸಿ ಗಾಡಿ ನಿಲ್ಲಿಸುವ ಜಾಗ ಮಾಡೋಣ ಎನ್ನುತ್ತಿದ್ದಾನೆ. ಆ ಕೋಣೆ ಇರುವಾಗಲೇ ಹೇಳಿಬಿಡಬೇಕು.

ನಮ್ಮ ಮನೆ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದೆ. ರಾಯಚೂರಿನಿಂದ ಈ ತೆಲುಗು ಊರಿಗೆ ಬಂದ ನನ್ನ ಅಪ್ಪ ಅದನ್ನು ಕಟ್ಟಿಸುವಾಗ ಒಂದು ದೊಡ್ಡ ಬಂಡೆ ಅಡ್ಡ ಬಂದಿತ್ತಂತೆ. ಒಡೆಸುವ ಗೋಜಿಗೆ ಹೋಗದೆ ಅಪ್ಪ ಅದನ್ನೇ ಕೆಳಗಿನ ಕೋಣೆಯ ಹಿಂಗೋಡೆ ಮಾಡಿಕೊಂಡರು. ಬಂಡೆಗೂ ನೆಲಕ್ಕೂ ನಡುವೆ ಕೈಬೆರಳು ತೂರುವಷ್ಟು ಬಿರುಕು. ಕೋಣೆಗೆ ಒಂದು ಬಾಗಿಲು, ಕಿಟಕಿಯಿಲ್ಲ. ಕಿಟಕಿ ಇಡಬಹುದಾಗಿದ್ದ ಒಂದೇ ಗೋಡೆಗೆ ಮೇಲಿನ ಮಹಡಿಯ ಮೆಟ್ಟಿಲು ಆತುಕೊಂಡಿತ್ತು. ನಾವು ಅಲ್ಲಿ ಹಳೆಯ ಸಾಮಾನು ಇಡುತ್ತಿದ್ದೆವು.

ಅಣ್ಣ ತೀರಿಕೊಂಡ ಮೇಲೆ ವೈನಿ, ಅಂದರೆ ನನ್ನ ಅತ್ತಿಗೆ, ನಮ್ಮಲ್ಲಿಗೆ ಬಂದಳು. ಮಕ್ಕಳಿರಲಿಲ್ಲ. ಮಹಡಿಯ ಗಾಳಿ ಬೆಳಕಿನ ಕೋಣೆಯಲ್ಲಿ ಕೂತು ದಿನವಿಡೀ ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಆಗ ಅಮೀರ್‌ಪೇಟಿನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ತೆರೆಯುತ್ತಿದ್ದ ಕಾಲ. ಮೈಸೂರು, ಮಂಗಳೂರಿನ ಹುಡುಗರು ಬ್ಯಾಗು ಹೊತ್ತು ರೈಲಿಳಿದು, ನಮ್ಮ ಓಣಿಯಲ್ಲಿ ಕನ್ನಡ ಕೇಳಿಸಿದರೆ ಸಾಕು, ರೂಮು ಇದೆಯಾ ಎಂದು ನಿಂತುಬಿಡುತ್ತಿದ್ದರು. ನಾನು ವೈನಿಯನ್ನು ನಾಲ್ಕು ದಿನದ ಮಟ್ಟಿಗೆ ಎಂದು ಹೇಳಿ ಕೆಳಗೆ ಇಳಿಸಿದೆ. ಮಹಡಿಯ ಕೋಣೆಯನ್ನು ಮೂವರು ಹುಡುಗರಿಗೆ ಕೊಟ್ಟೆ. ಆ ಬಾಡಿಗೆಯಿಂದ ಮಗಳ ಕಾಲೇಜು ನಡೆಯಿತು.

ವೈನಿ ಕೌದಿಯ ಗಂಟು ಹೊತ್ತು ಇಳಿದಳು. ಬೇಸಿಗೆಯಲ್ಲಿ ಬಂಡೆಗೆ ಬೆನ್ನು ಕೊಟ್ಟು, ಬಿರುಕಿನ ಮೇಲೆ ಪಾದ ಇಟ್ಟು ಹೊಲಿಯುತ್ತಿದ್ದಳು.

"ತಮ್ಮಾ, ಇಲ್ಲಿ ಬಾ, ಕೈ ಹಿಡಿ," ಎಂದು ಒಮ್ಮೆ ಕರೆದಳು. "ಈ ಕಲ್ಲು ಉಸುರು ಬಿಡತೈತಿ ನೋಡು."

ಕೈ ಹಿಡಿದೆ. ಹೊರಗೆ ಮೈ ಸುಡುವ ಬಿಸಿಲು. ಬಿರುಕಿನಿಂದ ತಣ್ಣನೆಯ ಗಾಳಿ ನಿಧಾನವಾಗಿ ಏಳುತ್ತಿತ್ತು, ಒಳಗೆ ಯಾರೋ ಮಲಗಿರುವ ಹಾಗೆ. ನಾನು ನಕ್ಕು ಕೈ ತೆಗೆದೆ.

ನಾನು ಮೆಟ್ರಿಕ್ ಪಾಸಾಗಿ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದೆ. ಅಲ್ಲಿಗೆ ಬಂದ ಒಬ್ಬ ಮೇಡಂ ಊರಿನ ಮನೆಗಳಲ್ಲಿ ರೇಡಾನ್ ಅಳೆಯುವ ಕೆಲಸ ಶುರುಮಾಡಿದರು. ಅದು ಕಲ್ಲು ಮಣ್ಣಿನಿಂದ ಏಳುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಲ್ಲಿ ಗಾಳಿಗೆ ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ತುಂಬಿ ನಿಲ್ಲುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ನಮ್ಮ ಊರು ನಿಂತಿರುವುದೇ ಇಂಥ ಬಂಡೆಗಳ ಮೇಲೆ ಎಂದು ಮೇಡಂ ಹೇಳಿದಾಗ, ವೈನಿಯ ಪಾದಗಳು ನನ್ನ ಕಣ್ಣ ಮುಂದೆ ಬಂದವು.

ಅಳೆಯಲು ಯಂತ್ರವೇನೂ ಬೇಕಿರಲಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ, ಅದರ ತಳದಲ್ಲಿ ಉಗುರಿನಗಲದ ಕೆಂಪು ಫಿಲ್ಮು, ಬಾಯಿಗೆ ತೆಳ್ಳನೆಯ ಹಾಳೆ. ಅದನ್ನು ಬಾಯಿ ಕೆಳಗಾಗಿ ಸೂರಿಗೆ ತೂಗುಬಿಟ್ಟು ಮೂರು ತಿಂಗಳು ಬಿಡಬೇಕು. ಮನೆಯ ತೀರಾ ಕೆಳಗಿನ ಕೋಣೆಯಲ್ಲಿ, ಜನ ಮಲಗುವ ಕಡೆ, ಗಾಳಿಯಾಡದ ಜಾಗದಲ್ಲಿ ಎಂಬುದು ಮೇಡಂ ಕಟ್ಟಪ್ಪಣೆ. ಫಲಿತಾಂಶ ಕೆಟ್ಟದಾಗಿದ್ದರೆ ಅಲ್ಲಿ ಯಾರೂ ಮಲಗಬಾರದು, ಬಿರುಕು ಮುಚ್ಚಬೇಕು, ಗಾಳಿಗೆ ದಾರಿ ಮಾಡಬೇಕು. ಸಿಬ್ಬಂದಿಯ ಮನೆಗಳಿಂದಲೇ ಶುರುಮಾಡೋಣ ಎಂದು ನನ್ನ ಕೈಗೂ ಒಂದು ಡಬ್ಬಿ ಕೊಟ್ಟರು.

ಕೆಳಗಿನ ಕೋಣೆ ಕೆಟ್ಟದ್ದೆಂದು ಬಂದರೆ ವೈನಿ ಮೇಲೆ ಹೋಗಬೇಕು, ಹುಡುಗರು ಹೊರಗೆ. ಆ ಡಬ್ಬಿಯನ್ನು ನಾನು ಹುಡುಗರ ಕೋಣೆಯಲ್ಲಿ, ಎಂದೂ ಮುಚ್ಚದ ಕಿಟಕಿಯ ಪಕ್ಕ ಕಟ್ಟಿದೆ.

"ಏನ್ ಅಂಕಲ್, ಸಿಸಿ ಕ್ಯಾಮೆರಾನಾ?" ಎಂದು ಮೈಸೂರಿನ ಹುಡುಗ ನಕ್ಕ. "ನಾವು ಬಿಯರ್ ತಂದ್ರೆ ಗೊತ್ತಾಗ್ಲಿ ಅಂತಾನಾ?"

"ಕಾಲೇಜಿಂದಪ್ಪ. ಮುಟ್ಟಬ್ಯಾಡ್ರಿ," ಎಂದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಗೊತ್ತಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದಿತ್ತು. ಆದರೆ ಮನಸ್ಸು ತಡೆಯಲಿಲ್ಲ. ಪ್ರಯೋಗಾಲಯದ ಕಪಾಟಿನಿಂದ ಇನ್ನೊಂದು ಡಬ್ಬಿಯನ್ನು ಕದ್ದು ತಂದು ವೈನಿಯ ಹಾಸಿಗೆಯ ಮೇಲೆ ತೂಗುಬಿಟ್ಟೆ.

"ಇದೇನೋ ತಮ್ಮಾ? ದೃಷ್ಟಿಗೇನು?"

ಬಾಯಿಗೆ ಬಂದದ್ದು, "ಹೂಂರಿ ವೈನಿ. ಖೋಲಿ ಕಾಯತೈತಿ."

"ಬರೇ ಡಬ್ಬಿ ಹ್ಯಾಂಗ ಕಾದೀತೋ? ಅದಕ್ಕೂ ಏನರ ಮಾಡಬೇಕಲ್ಲ," ಎಂದು ಅವಳು ಅದಕ್ಕೆ ಕುಂಕುಮ ಹಚ್ಚಿದಳು, ಪಕ್ಕದಲ್ಲಿ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಶುಕ್ರವಾರ ಊದಿನಕಡ್ಡಿ ಬೆಳಗತೊಡಗಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕಡ್ಡಿಯ ಹೊಗೆ ನೆಟ್ಟಗೆ ಏಳುತ್ತಿತ್ತು. ಬಿರುಕಿನ ಹತ್ತಿರ ಇಟ್ಟಾಗ ಮಾತ್ರ ಪಕ್ಕಕ್ಕೆ ಬಾಗಿ, ನೆಲದಿಂದ ಯಾರೋ ಊದಿದಂತೆ ಅವಳ ಹಾಸಿಗೆಯ ಕಡೆ ಹೋಗುತ್ತಿತ್ತು.

ಅದು ಮಳೆಗಾಲ. ಬಾಗಿಲು ಸದಾ ಮುಚ್ಚಿರುತ್ತಿತ್ತು. ಒಳಗಿನಿಂದ ವೈನಿಯ ಕೆಮ್ಮು ಕೇಳುತ್ತಿತ್ತು. ಬಟ್ಟೆಯ ಧೂಳು ಎಂದು ಅವಳು, ಥಂಡಿ ಎಂದು ನನ್ನ ಹೆಂಡತಿ. ನಾನು ಊಟ ಕೊಡಲು ಹೋದರೆ ಹೊಸ್ತಿಲ ಹೊರಗೇ ನಿಂತು, ಉಸಿರು ಹಿಡಿದು ತಟ್ಟೆ ಚಾಚುತ್ತಿದ್ದೆ. ಅವಳು ಮಲಗುವ ಗಾಳಿಯನ್ನು ನಾನು ಒಂದು ಗುಟುಕೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಎರಡೂ ಡಬ್ಬಿ ಇಳಿಸಿದೆ. ಫಿಲ್ಮುಗಳನ್ನು ಬೆಚ್ಚನೆಯ ಕಾಸ್ಟಿಕ್ ಸೋಡಾದಲ್ಲಿ ಅದ್ದಿಡುವುದು ಪ್ರಯೋಗಾಲಯದಲ್ಲಿ ನನ್ನದೇ ಕೆಲಸ. ಅನಿಲದ ಕಣ ಬಡಿದ ಕಡೆ ಫಿಲ್ಮು ಸವೆದು ಸೂಜಿಮೊನೆಗಿಂತ ಸಣ್ಣ ತೂತಾಗುತ್ತದೆ. ಮೇಡಂ ಊಟಕ್ಕೆ ಹೋದಾಗ ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಹುಡುಗರ ಕೋಣೆಯ ಫಿಲ್ಮು ಕೆಂಪು ಬಯಲಿನಂತಿತ್ತು, ಅಲ್ಲೊಂದು ಇಲ್ಲೊಂದು ಚುಕ್ಕೆ. ವೈನಿಯದನ್ನು ಇಟ್ಟೆ. ಕೆಂಪು ಕಾಣಿಸುವುದೇ ಕಷ್ಟವಾಗಿತ್ತು. ತೂತಿಗೆ ತೂತು ಅಂಟಿಕೊಂಡು, ಎಲ್ಲ ತೂತುಗಳಿಂದ ಬೆಳಕು ನನ್ನನ್ನೇ ನೋಡುತ್ತಿದ್ದ ಹಾಗಿತ್ತು. ಅವಳ ನೆತ್ತಿಯ ಮೇಲೆ ಸದ್ದಿಲ್ಲದೆ ಇಷ್ಟೆಲ್ಲ ನಡೆದಿತ್ತು.

ಆ ಫಿಲ್ಮನ್ನು ಜೇಬಿಗೆ ಹಾಕಿಕೊಂಡೆ, ಸಂಜೆ ಮೂಸಿ ನದಿಯ ಸೇತುವೆಯ ಮೇಲಿಂದ ಎಸೆದೆ. ಇನ್ನೊಂದನ್ನು ನೋಡಿ ಮೇಡಂ ಸಂತೋಷದಿಂದ, "ಮೀ ಇಲ್ಲು ಚಾಲಾ ಬಾಗುಂದಿ," ಎಂದರು. ನಿಮ್ಮ ಮನೆ ತುಂಬಾ ಚೆನ್ನಾಗಿದೆ ಎಂದು.

ಮನೆಗೆ ಬಂದರೆ ವೈನಿ ಸೂರಿನ ಖಾಲಿ ದಾರ ನೋಡುತ್ತ ಕೂತಿದ್ದಳು.

"ಡಬ್ಬಿ ಯಾಕ ಒಯ್ದಿ? ಅದಿದ್ರ ನನಗ ಧೈರ್ಯ ಇತ್ತು."

ಮೇಲೆ ಬರ್ರಿ ವೈನಿ, ಇಲ್ಲಿ ಇರಬ್ಯಾಡ್ರಿ ಎನ್ನಬೇಕಿತ್ತು. ನಾನು ಫಿಲ್ಮಿಲ್ಲದ ಡಬ್ಬಿಯನ್ನು ತಂದು ಅದೇ ದಾರಕ್ಕೆ ಕಟ್ಟಿದೆ. ಅವಳು ಮತ್ತೆ ಕುಂಕುಮ ಹಚ್ಚಿದಳು.

ಎರಡು ವರ್ಷ ಕಳೆದ ಮೇಲೆ ಹುಡುಗರಿಗೆ ಕೊಂಡಾಪುರದಲ್ಲಿ ನೌಕರಿ ಸಿಕ್ಕಿ, ಅಲ್ಲೇ ಅಪಾರ್ಟ್‌ಮೆಂಟಿಗೆ ಹೋದರು. ಆಗ ನಾನು ಬಿರುಕಿಗೆ ಸಿಮೆಂಟು ತುಂಬಿಸಿದೆ, ಮೆಟ್ಟಿಲು ಒಡೆಸಿ ಪಕ್ಕಕ್ಕೆ ಸರಿಸಿ ಗೋಡೆಗೆ ಕಿಟಕಿ ಇಡಿಸಿದೆ, ಗಾಳಿ ಹೊರಗೆ ಎಳೆಯುವ ಫ್ಯಾನು ಹಾಕಿಸಿದೆ. ವೈನಿಯನ್ನು ಮೇಲೆ ಕರೆದೆ.

"ಮಣಕಾಲು ಹಿಡಿದಾವೋ, ಏರಾಕ ಆಗೂದಿಲ್ಲ," ಎಂದಳು. ಆಮೇಲೆ ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುತ್ತ, "ನಿಮ್ಮಣ್ಣ ಇದ್ರೂ ನನಗ ಇಷ್ಟು ಮಾಡ್ತಿದ್ದಿಲ್ಲ ತಮ್ಮಾ. ನಿನ್ನ ಹೊಟ್ಟಿ ತಣ್ಣಗಿರಲಿ," ಎಂದಳು.

ನಾನು ತಲೆಯಾಡಿಸಿದೆ. ಆಗಲೂ ಹೇಳಲಿಲ್ಲ.

ಕೆಮ್ಮು ಬಿಡಲಿಲ್ಲ. ಕೊನೆಗೆ ಡಾಕ್ಟರು ಎಕ್ಸ್‌ರೇ ಹಿಡಿದು, ಶ್ವಾಸಕೋಶದಲ್ಲಿ ಗಡ್ಡೆ ಎಂದರು. ಬೀಡಿ ಸಿಗರೇಟು ಇತ್ತೇ ಎಂದು ಕೇಳಿದರು. ಇರಲಿಲ್ಲ. ಊರಲ್ಲಿ ಹೊಗೆ ಒಲೆಯ ಮುಂದೆ ಬಹಳ ಕಾಲ ಕಳೆದಿದ್ದಳು, ಅದೇ ಇರಬಹುದು ಎಂದರು. ಇರಬಹುದು. ಬಂಡೆಯಿಂದಲೇ ಬಂತು ಎಂದು ಯಾರೂ ಖಚಿತವಾಗಿ ಹೇಳಲಾರರು, ಅಲ್ಲವೆಂದೂ ಹೇಳಲಾರರು. ನಾನು ಮಾತ್ರ ಆ ಕೆಂಪು ಫಿಲ್ಮನ್ನು ಕಂಡವನು.

ವೈನಿ ಹೆಚ್ಚು ದಿನ ಉಳಿಯಲಿಲ್ಲ. ಮೊನ್ನೆ ಕೋಣೆ ಒಡೆಯುವ ಮೇಸ್ತ್ರಿ ಅಳತೆಗೆ ಬಂದಿದ್ದ. ಸೂರು ನೋಡಿ, "ಎ ಕ್ಯಾ ಲಟಕರಾ ಚಚಾ, ನಿಕಾಲ್ ದೂಂ?" ಎಂದು, ತೂಗುತ್ತಿದ್ದ ಡಬ್ಬಿಯನ್ನು ತೆಗೆದುಬಿಡಲೇ ಎಂಬಂತೆ ಕೈ ಎತ್ತಿದ. ಬೇಡ ಎಂದೆ. ಅವನು ಹೋದ ಮೇಲೆ ಅದರ ಕೆಳಗೆ, ಅವಳ ಹಾಸಿಗೆ ಇದ್ದ ಜಾಗದಲ್ಲಿ ಕೂತೆ. ಕುಂಕುಮ ಕಪ್ಪಾಗಿ ಡಬ್ಬಿಗೆ ಅಂಟಿಕೊಂಡಿದೆ. ಕಿಟಕಿ ತೆರೆದಿರಲಿಲ್ಲ, ಫ್ಯಾನು ಕೆಟ್ಟು ವರ್ಷಗಳಾಗಿವೆ. ಸಿಮೆಂಟು ಬಂಡೆಯಿಂದ ಬಿಟ್ಟುಕೊಂಡು ಅದೇ ಬಿರುಕು ಮತ್ತೆ ಬಾಯಿ ತೆರೆದಿದೆ, ಪಾದಕ್ಕೆ ತಣ್ಣಗೆ ತಾಗಿತು. ಡಬ್ಬಿ ಸಣ್ಣಗೆ ಅಲ್ಲಾಡಿತು. ಈ ಸಲ ನಾನು ಉಸಿರು ಹಿಡಿಯಲಿಲ್ಲ.

ತಪ್ಪಾಯಿತು ಎಂದು ನಾನು ಹೇಳಬೇಕಿದ್ದದ್ದು, ಹೇಳದೆ ಉಳಿದದ್ದು ಒಬ್ಬಳಿಗೇ: ನನ್ನ ವೈನಿಗೆ.